ಯಾರೂ ಸಂಗ್ರಹಿಸದ ಪಾಟಿ

ಪುಣೇರಿ ಪಾಟಿಗಳಿಗೆ ಸಿಕ್ಕಿರುವ ಕೀರ್ತಿ ಅವುಗಳ ಯೋಗ್ಯತೆಗಿಂತ ಬಹಳ ಹೆಚ್ಚು. ಸದಾಶಿವ ಪೇಠ, ನಾರಾಯಣ ಪೇಠ, ಶನಿವಾರ ಪೇಠಗಳ ಅಂಗಡಿ ಮತ್ತು ವಾಡೆಗಳ ಮುಂದೆ ತೂಗುವ ಆ ಚುಚ್ಚುಮಾತಿನ ಫಲಕಗಳನ್ನು ಜನ ಸಂಗ್ರಹಿಸುತ್ತಾರೆ, ಫೋಟೋ ತೆಗೆದು ಹಂಚುತ್ತಾರೆ, ಒಂದು ಊರಿನ ಸ್ವಭಾವವೇ ಅಲ್ಲಿ ಅಕ್ಷರಕ್ಕಿಳಿದಿದೆ ಎಂದು ಬರೆಯುತ್ತಾರೆ. ಇಲ್ಲಿನ ಕನ್ನಡಿಗರಿಗೂ ಈ ಅಭಿಮಾನ ಅಂಟಿದೆ. ಊರಿಂದ ಬಂದ ನೆಂಟರಿಗೆ ಶನಿವಾರವಾಡೆ ತೋರಿಸಿದ ಮೇಲೆ ಒಂದೆರಡು ಪಾಟಿಗಳನ್ನು ಓದಿ ಅರ್ಥ ಹೇಳುವುದು ರೂಢಿ. ಅವುಗಳಲ್ಲಿ ಕೆಲವು ನಿಜಕ್ಕೂ ಚುರುಕಾಗಿವೆ, ಒಪ್ಪುತ್ತೇನೆ. ಆದರೆ ಸಂಗ್ರಹಕಾರರು ಆಯ್ದುಕೊಂಡದ್ದು ಯಾವುದನ್ನು, ಕೈಬಿಟ್ಟದ್ದು ಯಾವುದನ್ನು ಎಂದು ಕೇಳುವ ಗೋಜಿಗೆ ಈ ಅಭಿಮಾನಿಗಳು ಹೋಗುವುದಿಲ್ಲ.

ಪಾಟಿಗಳ ಪರವಾಗಿ ವಾದಿಸುವವರು ಮೊದಲು ಹಿಡಿಯುವ ಆಸರೆ ಪು.ಲ. ದೇಶಪಾಂಡೆ. ಮುಂಬೈಕರ, ನಾಗಪುರಕರ, ಪುಣೇಕರ ಎಂಬ ಮೂವರನ್ನು ಎದುರುಬದುರು ನಿಲ್ಲಿಸಿದ ಅವರ ಪ್ರಸಿದ್ಧ ಲೇಖನದಲ್ಲಿ ಗಿರಾಕಿಯ ಕಡೆ ಕಣ್ಣೆತ್ತಿಯೂ ನೋಡದ ಪುಣೆಯ ಅಂಗಡಿಕಾರ ಬರುತ್ತಾನೆ. ಇದನ್ನು ಮುಂದೆ ಮಾಡಿ, ‘ನೋಡಿ, ಇದೊಂದು ಸಾಂಸ್ಕೃತಿಕ ಪರಂಪರೆ’ ಎನ್ನುತ್ತಾರೆ. ಪು.ಲ.ರನ್ನು ಇದಕ್ಕಿಂತ ತಲೆಕೆಳಗಾಗಿ ಓದುವುದು ಸಾಧ್ಯವಿಲ್ಲ. ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದ, ಎರಡು ಸೀಮೆಗಳ ಜನರ ನಡೆನುಡಿ ಬಲ್ಲ ಆ ಲೇಖಕ ನಿಂತಿರುವುದು ಗಲ್ಲಾಪೆಟ್ಟಿಗೆಯ ಹಿಂದೆ ಅಲ್ಲ, ಚೀಲ ಹಿಡಿದು ಕಾಯುವವನ ಪಕ್ಕದಲ್ಲಿ. ನಗೆಯ ಏಟು ಬೀಳುವುದು ಅಂಗಡಿಕಾರನ ಮೇಲೆ. ಗಿರಾಕಿಯ ಪರವಾಗಿ ಬರೆದದ್ದನ್ನು ಅಂಗಡಿಕಾರನ ಸನ್ನಡತೆಯ ಪ್ರಮಾಣಪತ್ರವಾಗಿ ಬಳಸುವ ಈ ಓದಿಗೆ ವಿಮರ್ಶೆ ಎಂದು ಹೆಸರಿಡಬಾರದು.

ಒಂದು ಮಾತನ್ನು ಮಾತ್ರ ಪುಣೆಯ ಪರವಾಗಿ ಹೇಳಬೇಕು. ಮಧ್ಯಾಹ್ನ 1ರಿಂದ 4ರವರೆಗೆ ಅಂಗಡಿ ಮುಚ್ಚುವ ಪದ್ಧತಿಯನ್ನು ಹೊರಗಿನವರು ಅಹಂಕಾರದ ಪರಮಾವಧಿ ಎಂದು ಎತ್ತಿ ಆಡುತ್ತಾರೆ. ಚಿತಳೆ ಬಂಧು ಮಿಠಾಯಿಯವರ ಮಧ್ಯಾಹ್ನದ ಬಿಡುವಂತೂ ದಂತಕಥೆಯಾಗಿತ್ತು. 2017ರಲ್ಲಿ ಅವರು ಆ ಬಿಡುವನ್ನು ಕೈಬಿಟ್ಟಾಗ ಪತ್ರಿಕೆಗಳಲ್ಲಿ ಅದೇ ಸುದ್ದಿ. ನನಗೆ ಆ ಬಿಡುವಿನಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ಕೆಲಸದವರು ಉಣ್ಣಬೇಕು, ಅರೆಗಳಿಗೆ ಒರಗಬೇಕು. ‘1ರಿಂದ 4 ಬಂದ್’ ಎಂಬ ಫಲಕ ಗಿರಾಕಿಗೆ ಬೇಕಾದ ಸಂಗತಿಯನ್ನು ಮೊದಲೇ, ನೇರವಾಗಿ ಹೇಳುತ್ತದೆ. ಒಳ್ಳೆಯ ಫಲಕದ ಲಕ್ಷಣವೇ ಅದು.

ನನ್ನ ತಕರಾರು ಇರುವುದು ಬೇರೊಂದು ಪಾಟಿಯ ಮೇಲೆ. ಅದರಲ್ಲಿ ಹಾಸ್ಯವಿಲ್ಲ, ಆದ್ದರಿಂದ ಯಾರೂ ಅದರ ಫೋಟೋ ತೆಗೆಯುವುದಿಲ್ಲ. ‘ಏಕದಾ ವಿಕಲೇಲಾ ಮಾಲ್ ಪರತ್ ಘೇತಲಾ ಜಾಣಾರ್ ನಾಹೀ.’ ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯಲಾಗುವುದಿಲ್ಲ. ಬಿಬವೇವಾಡಿಯ ಕಿರಾಣಿ ಅಂಗಡಿಗಳಲ್ಲಿ ದೇವರ ಪಟದ ಪಕ್ಕದಲ್ಲೋ ತಕ್ಕಡಿಯ ಮೇಲಿನ ಗೋಡೆಯಲ್ಲೋ ಇದು ಇದ್ದೇ ಇರುತ್ತದೆ. ಪೇಠಗಳು ಪುಣೆಯ ಹಳೆಯ ಒಡಲು. ಬಿಬವೇವಾಡಿ ಊರು ದಕ್ಷಿಣಕ್ಕೆ ಹಬ್ಬಿದಾಗ ತುಂಬಿಕೊಂಡ ಬಡಾವಣೆ. ಒಂದು ಕಡೆ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್, ಇನ್ನೊಂದು ಕಡೆ ಗುಡ್ಡಕ್ಕೆ ಹತ್ತಿಕೊಂಡ ಅಪ್ಪರ್ ಇಂದಿರಾನಗರ. ಪೇಠಗಳ ಮಾತಿನ ಚಾತುರ್ಯ ಇಲ್ಲಿಯವರೆಗೆ ಬರಲಿಲ್ಲ. ಅದರ ದರ್ಪ ಮಾತ್ರ ಬಂತು.

ಒಂದು ಮಳೆಗಾಲದಲ್ಲಿ ಇಂಥ ಅಂಗಡಿಯೊಂದರಲ್ಲಿ ನಾನು ನಿಂತಿದ್ದಾಗ ಮನೆಗೆಲಸಕ್ಕೆ ಹೋಗುವ ಹೆಣ್ಣುಮಗಳೊಬ್ಬರು ಅರ್ಧ ಕಿಲೋ ರವೆಯ ಪಾಕೀಟನ್ನು ಕೌಂಟರ್ ಮೇಲಿಟ್ಟರು. ಅಂಗಡಿಯವರೇ ತೂಗಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿಗೆ ಪಿನ್ ಹೊಡೆದ ಪಾಕೀಟು. ತಾರೀಖಿಲ್ಲ, ದರವಿಲ್ಲ, ತುಂಬಿದವರ ಹೆಸರಿಲ್ಲ. ಒಳಗೆ ರವೆ ಬಲೆ ಕಟ್ಟಿ ಉಂಡೆಯಾಗಿತ್ತು, ಎರಡು ಹುಳ ಚೀಲದ ಮೂಲೆಗೆ ಹರಿಯುತ್ತಿದ್ದವು. ಶೇಟ್ ಪಾಕೀಟನ್ನು ಮುಟ್ಟಲಿಲ್ಲ, ನೋಡಲೂ ಇಲ್ಲ. ‘ಮಾವಶಿ, ಬೋರ್ಡ್ ವಾಚಾ’ ಎಂದು ಬೆರಳನ್ನು ಗೋಡೆಯತ್ತ ತೋರಿಸಿ ಮುಂದಿನ ಗಿರಾಕಿಯ ಸಕ್ಕರೆ ತೂಗತೊಡಗಿದರು. ಆ ಹೆಣ್ಣುಮಗಳಿಗೆ ಓದಲು ಬರುತ್ತಿರಲಿಲ್ಲ. ನನ್ನ ಫೋನಿನ ಮಾತು ಕೇಳಿ ಕನ್ನಡದವನೆಂದು ತಿಳಿದಿದ್ದ ಅವರು ಕಲಬುರಗಿ ಕಡೆಯ ಮಾತಿನಲ್ಲಿ ಕೇಳಿದರು: ‘ಏನ್ ಬರ್ದಾರ್ರೀ ಅದ್ರಾಗ?’ ಒಮ್ಮೆ ಒಯ್ದದ್ದನ್ನು ಮತ್ತೆ ತಗೊಳ್ಳುವುದಿಲ್ಲವಂತೆ ಎಂದೆ. ‘ಹುಳ ಅದಾವಲ್ರೀ, ಅದಕ್ಕೇನ್ ಬರ್ದಾರ?’

ಈ ಪಾಟಿಯ ಬಗ್ಗೆ ನಾನು ಕೇಳಿದ ಅತ್ಯಂತ ನಿಖರವಾದ ವಿಮರ್ಶೆ ಇದು. ಹುಳದ ಬಗ್ಗೆ ಅಲ್ಲಿ ಏನೂ ಬರೆದಿಲ್ಲ. ಬೇಡವಾಯಿತೆಂದು ಸೀರೆ ಮರಳಿಸುವವರು, ಹೆಚ್ಚಾಯಿತೆಂದು ಬೇಳೆ ಮರಳಿಸುವವರು ಇದ್ದಾರೆ. ಅವರಿಗೆ ಇಲ್ಲ ಎನ್ನುವ ಹಕ್ಕು ವ್ಯಾಪಾರಿಗೆ ಇರಲಿ. ಆದರೆ ಗಿರಾಕಿಯ ಮನಸ್ಸು ಬದಲಾದದ್ದಕ್ಕೂ ಮಾಲು ಕೆಟ್ಟಿದ್ದಕ್ಕೂ ಆ ವಾಕ್ಯ ಒಂದೇ ಉತ್ತರ ಕೊಡುತ್ತದೆ, ಅದೂ ಎರಡರ ಹೆಸರನ್ನೂ ಎತ್ತದೆ. ‘ಮಾರಿದ’ ಎಂದರೆ ಯಾರು ಮಾರಿದ್ದು? ‘ಪಡೆಯಲಾಗುವುದಿಲ್ಲ’ ಎಂದರೆ ಯಾರು ಪಡೆಯುವುದಿಲ್ಲ? ವಾಕ್ಯದಲ್ಲಿ ಮನುಷ್ಯರೇ ಇಲ್ಲ. ಗ್ರಹಣ ಹಿಡಿಯುತ್ತದೆ, ಮಳೆ ಬರುತ್ತದೆ ಎಂಬಂತೆ ಮಾಲು ವಾಪಸಾಗುವುದಿಲ್ಲ. ಹೀಗೆ ಬರೆದ ಮೇಲೆ ಶೇಟ್ ತಾನಾಗಿ ಏನನ್ನೂ ನಿರಾಕರಿಸಬೇಕಾಗಿಲ್ಲ. ನಿರಾಕರಣೆ ಗೋಡೆಯ ಮೇಲಿದೆ, ಅವರ ಪಾಲಿಗೆ ಉಳಿದದ್ದು ಬೆರಳು ತೋರಿಸುವ ಕೆಲಸ ಮಾತ್ರ. ಒರಟಾಗಿ ಬೈದಿದ್ದರೆ ಆ ಹೆಣ್ಣುಮಗಳು ತಿರುಗಿ ಬೈಯಬಹುದಿತ್ತು, ನಾಲ್ಕು ಜನ ಸೇರುತ್ತಿದ್ದರು, ಪಂಚಾಯಿತಿ ಆಗುತ್ತಿತ್ತು. ಗೋಡೆಯೊಡನೆ ಜಗಳವಾಡುವುದು ಹೇಗೆ? ಚುರುಕು ಪಾಟಿಗಳ ಅಭಿಮಾನಿಗಳಿಗೆ ತಪ್ಪಿಹೋದದ್ದು ಇದು. ಪೇಠದ ಹಾಸ್ಯವೂ ಮಾಡುವುದು ಇದೇ ಕೆಲಸವನ್ನು: ಗಿರಾಕಿ ಬಾಯಿ ತೆರೆಯುವ ಮೊದಲೇ ಮಾತು ಮುಗಿದಿರುತ್ತದೆ. ಅಲ್ಲಿ ಓದಬಲ್ಲವರು ನಗುತ್ತಾ ಸುಮ್ಮನಾಗುತ್ತಾರೆ. ಇಲ್ಲಿ ಓದಲಾರದವರು ರವೆಯ ಪಾಕೀಟು ಎತ್ತಿಕೊಂಡು ಹೊರಡುತ್ತಾರೆ.

ಇನ್ನು ಕಾನೂನು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮಿನ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ಹಿಂದೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಹಾಗೆಯೇ. ಮೊದಲೇ ತುಂಬಿಟ್ಟ ಪಾಕೀಟಿನ ಮೇಲೆ ತೂಕ, ದರ, ತುಂಬಿದವರ ವಿಳಾಸ ಇರಬೇಕೆಂದು 2011ರಿಂದ ಜಾರಿಯಲ್ಲಿರುವ ಪ್ಯಾಕೇಜು ನಿಯಮಗಳು ಹೇಳುತ್ತವೆ. ಆ ಅರ್ಧ ಕಿಲೋ ರವೆಯಲ್ಲಿ ಇಷ್ಟೂ ಉಲ್ಲಂಘನೆಗಳಿದ್ದವು.

ಇಷ್ಟು ಹೇಳಿದರೆ ಎರಡನೆಯ ಗುಂಪಿನ ವಿಮರ್ಶಕರು ಸಿದ್ಧರಾಗಿರುತ್ತಾರೆ: ‘ಕಿರಾಣಿಯ ಕಾಲ ಮುಗಿಯಿತು, ಸೂಪರ್‌ಮಾರ್ಕೆಟಿಗೆ ಹೋಗಿ.’ ಹೋಗಿ ನೋಡಿದ್ದೇನೆ. ಕಲಬುರಗಿಯ ತೊಗರಿಬೇಳೆ, ಸೋನಾ ಮಸೂರಿ, ಬ್ಯಾಡಗಿ ಮೆಣಸಿನಕಾಯಿ ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ ಎಂಬುದು ನಿಜ. ಆದರೆ ಹಲಗೆಯ ಮೇಲಿನ ಚೀಟಿಯಲ್ಲಿ ಒಂದು ದರ, ಬಿಲ್ಲಿನಲ್ಲಿ ಇನ್ನೊಂದು. ಕೇಳಿದರೆ ಕೌಂಟರಿನ ಹುಡುಗಿ ಹೇಳುವುದು ‘ಸಿಸ್ಟಮ್‌ನಲ್ಲಿ ಹಾಗೇ ಬರುತ್ತಿದೆ ಸರ್’. ಮತ್ತೆ ಕರ್ತೃವಿಲ್ಲದ ವಾಕ್ಯ, ಗೋಡೆಯ ಜಾಗದಲ್ಲಿ ಈಗ ಕಂಪ್ಯೂಟರ್ ಪರದೆ. ದಿನವಿಡೀ ನಿಂತೇ ದುಡಿಯುವ ಆ ಹುಡುಗಿಯನ್ನು ನಾನು ದೂರುವುದಿಲ್ಲ. ದರ ತಿದ್ದುವ ಅಧಿಕಾರ ಅವಳಿಗೆ ಕೊಟ್ಟಿಲ್ಲ, ಅಧಿಕಾರವಿರುವವರು ಕೌಂಟರಿಗೆ ಬರುವುದಿಲ್ಲ. ಮೊಬೈಲ್ ನಂಬರ್ ಕೊಡದೆ ಬಿಲ್ ಆಗುವುದಿಲ್ಲವೆಂಬ ಹಟ ಬೇರೆ. ಹೀಗೆ ಒತ್ತಾಯಿಸುವಂತಿಲ್ಲವೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಿಗಳಿಗೆ ತಿಳಿಸಿದೆ. ಬಿಲ್ಲಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅದೇ ಹಳೆಯ ವಾಕ್ಯವನ್ನೂ ಕಂಡಿದ್ದೇನೆ, ಈ ಸಲ ಇಂಗ್ಲಿಷಿನಲ್ಲಿ. ಶಾಖಕ್ಕೆ ಮಾಸುವ ಕಾಗದ ಅದು. ಸಂಚಿಯಲ್ಲಿ ಕೆಲ ವಾರ ಇದ್ದರೆ ವಾಕ್ಯದ ಜೊತೆ ಕೊಂಡ ಪುರಾವೆಯೂ ಅಳಿಸಿಹೋಗುತ್ತದೆ.

ಮೂರನೆಯವರು ಸಂಬಂಧದ ಮಾತು ಆಡುತ್ತಾರೆ: ಕಿರಾಣಿಯವರು ಉದ್ರಿ ಕೊಡುತ್ತಾರೆ, ಮನೆಯವರನ್ನು ಹೆಸರು ಹಿಡಿದು ವಿಚಾರಿಸುತ್ತಾರೆ, 2020ರ ಲಾಕ್‌ಡೌನಿನಲ್ಲಿ ಮಾರ್ಕೆಟ್ ಯಾರ್ಡೇ ಮುಚ್ಚಿದ್ದಾಗ ಗಲ್ಲಿಗೆ ಅಕ್ಕಿ ಬೇಳೆ ಮುಟ್ಟಿಸಿದವರು ಅವರೇ. ಇದರಲ್ಲಿ ಸುಳ್ಳಿಲ್ಲ. ಆದರೆ ಉದ್ರಿ ಪುಸ್ತಕದಲ್ಲಿ ಹೆಸರಿರುವವರೇ ಹುಳದ ಬಗ್ಗೆ ದನಿ ಎತ್ತಲು ಹೆಚ್ಚು ಅಂಜುತ್ತಾರೆ. ಸಾಲ ಇಟ್ಟುಕೊಂಡು ತಕರಾರು ಮಾಡಲಾಗದು. ಆ ಸಂಬಂಧವನ್ನು ಹಾಡಿ ಹೊಗಳುವವರಲ್ಲಿ ಬಹಳಷ್ಟು ಜನ ನಗದು ಕೊಟ್ಟು ಒಯ್ಯುವವರು.

ಪುಣೆಯ ಬಗ್ಗೆ ನನಗೆ ನಿಜವಾಗಿ ನೋವಾಗುವುದು ಇನ್ನೊಂದು ಕಾರಣಕ್ಕೆ. ಬಿಂದುಮಾಧವ ಜೋಶಿ ಅಖಿಲ ಭಾರತೀಯ ಗ್ರಾಹಕ ಪಂಚಾಯತ್ ಕಟ್ಟಿದ್ದು ಇದೇ ಊರಿನಲ್ಲಿ, 1974ರಲ್ಲಿ. ದೇಶಕ್ಕೆ ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ. ಕಾನೂನಿಗಿಂತ ಹನ್ನೆರಡು ವರ್ಷ ಮೊದಲೇ ಗಿರಾಕಿಗಳನ್ನು ಸಂಘಟಿಸಲು ಹೊರಟ ಊರಿಗೆ ಅಂಗಡಿಕಾರನ ಒರಟುತನವೇ ಗುರುತಾಗಿ ಉಳಿಯಿತು. ನೆಂಟರಿಗೆ ಪಾಟಿ ತೋರಿಸುವವರಲ್ಲಿ ಎಷ್ಟು ಜನ ಜೋಶಿಯವರ ಹೆಸರು ಹೇಳುತ್ತಾರೆ? ಇದು ಸಂಗ್ರಹಕಾರರು ಊರಿಗೆ ಮಾಡಿದ ಅನ್ಯಾಯ. ಬೆಂಗಳೂರು, ಹುಬ್ಬಳ್ಳಿಯ ಓದುಗರು ಹಗುರಾಗಬೇಕಾಗಿಲ್ಲ. ಅಲ್ಲಿನ ಬಿಲ್ ಪುಸ್ತಕಗಳಲ್ಲೂ ಇದೇ ವಾಕ್ಯ ಅಚ್ಚಾಗಿದೆ, ಕನ್ನಡದಲ್ಲಿ.

ಮಾರ್ಕೆಟ್ ಯಾರ್ಡಿನ ಭುಸಾರ್ ಬಜಾರಿಗೆ ಹೋಗುವ ದಾರಿಯಲ್ಲಿ ಚಿಲ್ಲರೆ ಧಾನ್ಯ ಮಾರುವ ಒಂದು ಅಂಗಡಿಯ ಮುಂದೆ ಕಪ್ಪು ಹಲಗೆ ಇದೆ. ಆ ದಿನದ ತೊಗರಿ, ಹೆಸರು, ಇಂದ್ರಾಯಣಿ ಅಕ್ಕಿಯ ದರಗಳನ್ನು ಸೀಮೆಸುಣ್ಣದಲ್ಲಿ ಬರೆದು, ಕೆಳಗೆ ಮಾಲು ಕೆಟ್ಟಿದ್ದರೆ ಎಂಟು ದಿನದೊಳಗೆ ತನ್ನಿ ಎಂದು ಒಂದು ಸಾಲು. ಕಾನೂನು ಕೊಡುವ 30 ದಿನಕ್ಕೆ ಎಂಟು ಕಡಿಮೆಯೇ. ಆದರೂ ಆ ಸಾಲಿನಲ್ಲಿ ಕರೆಯುವವರು ಇದ್ದಾರೆ, ಬರುವವರಿಗೆ ಜಾಗ ಇದೆ, ಕೆಟ್ಟದ್ದನ್ನು ಕೆಟ್ಟದ್ದೆಂದೇ ಕರೆದಿದೆ. ಮಾತಿನ ಚಮತ್ಕಾರ ಬಯಸುವವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ಪುಣೆಯಲ್ಲಿ ನಾನು ಓದಿದ ಪಾಟಿಗಳಲ್ಲಿ ಅದಕ್ಕೇ ಮೊದಲ ಸ್ಥಾನ ಕೊಡುತ್ತೇನೆ. ಬೇಳೆ ಅಲ್ಲಿ ಕಿಲೋಗೆ ಎರಡು ರೂಪಾಯಿ ಹೆಚ್ಚು, ನಡೆದು ಹೋಗಲು ದೂರ. ನಮ್ಮ ಮನೆಗೆ ರವೆ ಬರುವುದು ಈಗ ಅಲ್ಲಿಂದಲೇ.