ಕೆಳದಿಯ ಬಿರುದಿನೊಳಗಣ ಋಣ

ಪೂರ್ವಿಕರು ಮಾಡಿದ ಪಾಪವು ಸಂತತಿಯನ್ನು ತಟ್ಟುವುದೇ ಎಂಬ ಪ್ರಶ್ನೆಯನ್ನು ಶಾಸ್ತ್ರಗ್ರಂಥಗಳಲ್ಲಿಯೇ ಹುಡುಕಬೇಕೆಂದಿಲ್ಲ. ಶಿವಮೊಗ್ಗೆಯಿಂದ ತ್ಯಾವರೆಕೊಪ್ಪದ ಮಾರ್ಗವಾಗಿ ಸಾಗರವನ್ನು ಸೇರಿ ಮುಂದೆ ನಡೆದರೆ ದೊರೆಯುವ ಕೆಳದಿಯ ಇತಿಹಾಸದಲ್ಲಿಯೇ ಅದು ಅಡಗಿದೆ. ಸಿಂಹಗಳನ್ನು ನೋಡಲು ತ್ಯಾವರೆಕೊಪ್ಪದಲ್ಲಿ ಇಳಿಯುವವರು ಅಸಂಖ್ಯರು. ಕೆಳದಿಯವರೆಗೆ ಹೋಗಿ ಶಾಸನವನ್ನು ಓದುವವರು ವಿರಳ.

ಕೆಳದಿಯ ಅರಸರು ವೀರಶೈವರು. ಅವರ ಬಿರುದಾವಳಿಯಲ್ಲಿ ‘ಎಡವ ಮುರಾರಿ’ ಎಂಬುದೊಂದು ಬರುತ್ತದೆ. ಇದು ಇಬ್ಬರು ಆಳುಗಳ ಹೆಸರೆಂದು ಐತಿಹ್ಯ. ವಂಶದ ಮೂಲಪುರುಷನಾದ ಚೌಡಪ್ಪನಿಗೆ ನಿಧಿಯೊಂದು ಕಾಣಿಸಿತು. ಅದು ಕೈಸೇರಲು ನರಬಲಿ ಬೇಕಾಯಿತು. ಈ ಇಬ್ಬರು ತಾವಾಗಿಯೇ ಮುಂದೆ ಬಂದು, ತಮ್ಮ ಹೆಸರು ಒಡೆಯರ ವಂಶದಲ್ಲಿ ಉಳಿಯಲೆಂದು ಬೇಡಿ ಪ್ರಾಣವನ್ನಿತ್ತರು. ಹೀಗೆ ಕಥೆ ಸಾಗುತ್ತದೆ.

ಈ ಕಥೆಯನ್ನು ಸ್ವಾಮಿನಿಷ್ಠೆಯ ಆದರ್ಶವೆಂದು ಓದುವುದು ವಾಡಿಕೆ. ಆ ಓದು ಸಾಲದು. ‘ತಾವಾಗಿಯೇ’ ಎಂಬ ಮಾತಿನ ಮೇಲೆ ಇಡೀ ಕಥೆಯ ಭಾರ ನಿಂತಿದೆ. ತೊತ್ತಾಗಿ ಬಾಳಿದವನು ಒಡೆಯನ ಇಚ್ಛೆಗೆ ತಲೆಬಾಗಿದುದನ್ನು ಸ್ವಂತ ಇಚ್ಛೆಯೆಂದು ಕರೆಯುವುದು ಹೇಗೆ? ದಯೆಯನ್ನೇ ಧರ್ಮದ ಮೂಲವಾಗಿ ಕಂಡ ಬಸವಣ್ಣನವರ ಮಾರ್ಗಕ್ಕೆ ನಿಧಿಗಾಗಿ ನಡೆದ ಬಲಿಯು ಎಂದಿಗೂ ಸಲ್ಲದು. ನಡೆದುದು ನಿಜವೋ ಕಲ್ಪನೆಯೋ, ಒಂದು ವಂಶವು ತನ್ನ ಆದಿಯನ್ನು ಹೀಗೆ ನೆನೆಯಿತೆಂಬುದಂತೂ ದಿಟ.

ಹಾಗಾದರೆ ಆ ಪಾಪವು ಮುಂದಿನವರಿಗೆ ಇಳಿಯಿತೇ? 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಚೌಡಪ್ಪನ ಕಾಲದ ಕರ್ಮವೇ ಪಕ್ವವಾಯಿತೆಂದು ಹೇಳುವುದು ಸುಲಭ. ಆದರೆ ಎರಡೂವರೆ ಶತಮಾನ ಕಾದು, ಏನೂ ಅರಿಯದ ವೀರಮ್ಮಾಜಿಯನ್ನು ದಂಡಿಸುವ ದೈವವು ವಚನಕಾರರ ದೈವವಲ್ಲ. ದೀಕ್ಷೆಯಲ್ಲಿ ಪೂರ್ವಾಶ್ರಯವು ಅಳಿಯುವುದೆಂಬ ಸಿದ್ಧಾಂತದ ಒಳಗುಟ್ಟೇ ಇದು: ಜನ್ಮದೊಡನೆ ಬಂದ ಹಿರಿಮೆ ಹೇಗೆ ಅಳಿಯುವುದೋ, ಕಳಂಕವೂ ಹಾಗೆಯೇ ಅಳಿಯಬೇಕು. ಹಿರಿಮೆಯನ್ನು ಮಾತ್ರ ಉಳಿಸಿಕೊಂಡು ಕಳಂಕವನ್ನು ತೊಳೆದುಕೊಳ್ಳುವ ಜಾಣತನಕ್ಕೆ ಅಲ್ಲಿ ಎಡೆಯಿಲ್ಲ. ಬಸವಣ್ಣನವರು ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತಮ್ಮ ಹಿರಿಯರೆಂದು ಆರಿಸಿಕೊಂಡುದನ್ನು ಇಲ್ಲಿ ನೆನೆಯಬೇಕು. ಅವರಲ್ಲಿ ವಂಶವು ರಕ್ತದಿಂದ ಬಂದುದಲ್ಲ, ಅರಿವಿನಿಂದ ಒಪ್ಪಿಕೊಂಡುದು.

ಸಂತತಿಗೆ ಇಳಿಯುವುದು ಪಾಪವಲ್ಲ, ಋಣ. ಬಲಿಯಿಂದ ಬಂದ ನಿಧಿಯು ಕೋಟೆಯಾಯಿತೆಂದರೆ, ಆ ಕೋಟೆಯಲ್ಲಿ ವಾಸಿಸಿದವರೆಲ್ಲ ಅದರ ಫಲವನ್ನುಂಡವರೇ. ಉಂಡವನು ಅಪರಾಧಿಯಲ್ಲದಿರಬಹುದು; ಋಣಿಯಲ್ಲವೆನ್ನುವಂತಿಲ್ಲ.

ಈ ದೃಷ್ಟಿಯಿಂದ ಕೆಳದಿಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮನನೀಯವಾದುದು ಚೆನ್ನಮ್ಮಾಜಿಯ ಪ್ರಸಂಗ. 1689ರಲ್ಲಿ ಔರಂಗಜೇಬನ ಸೇನೆಯಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಕೆ ಆಶ್ರಯವಿತ್ತಳು. ಮೊಗಲ ಸೈನ್ಯ ಏರಿಬಂದರೂ ಎದುರಿಸಿ ನಿಂತಳು. ತನ್ನನ್ನೇ ನಂಬಿದ್ದ ಇಬ್ಬರನ್ನು ನಿಧಿಗಾಗಿ ಕೊಟ್ಟಿತೆಂದು ಹೇಳಿಕೊಂಡ ಮನೆತನವು, ಶರಣುಬಂದ ಒಬ್ಬನಿಗಾಗಿ ರಾಜ್ಯವನ್ನೇ ಪಣಕ್ಕೊಡ್ಡಿತು. ಚರಿತ್ರಕಾರರು ಇದರಲ್ಲಿ ರಾಜನೀತಿಯನ್ನು ಕಾಣುತ್ತಾರೆ, ಅದೂ ಇದ್ದೀತು. ಆದರೆ ಹಳೆಯ ಋಣಕ್ಕೆ ಇದಕ್ಕಿಂತ ತಕ್ಕ ಉತ್ತರವು ಆ ವಂಶದಲ್ಲಿ ಬೇರೊಂದಿಲ್ಲ. ಶಿವನ ಕರುಣೆಯು ಕುಲವೊಂದರಲ್ಲಿ ಬತ್ತದೆ ಉಳಿಯುವುದೆಂದರೆ ಇಂತಹ ಎಡೆಯಲ್ಲಿ, ಮನುಷ್ಯರ ಕೈಯ ಮೂಲಕವೇ.

ಚೆನ್ನಮ್ಮಾಜಿಗೆ ಮಕ್ಕಳಿರಲಿಲ್ಲ. ಆಕೆಯ ದತ್ತುಪುತ್ರ ಬಸವಪ್ಪನಾಯಕನೇ 1709ರಲ್ಲಿ ಸಂಸ್ಕೃತದ ‘ಶಿವತತ್ತ್ವರತ್ನಾಕರ’ವನ್ನು ರಚಿಸಿದವನು. ಒಂಬತ್ತು ಕಲ್ಲೋಲ, 108 ತರಂಗಗಳ ಆ ಮಹಾಗ್ರಂಥವು ಮಗ ಸೋಮಶೇಖರನಿಗೆ ತಂದೆಯು ಹೇಳಿದ ಉತ್ತರಗಳ ರೂಪದಲ್ಲಿದೆ. ಕೆಳದಿಯ ಅರಸರ ಚರಿತೆಯೂ ಅದರೊಳಗೆ ಸೇರಿದೆ. ಆ ರಕ್ತಕ್ಕೆ ಸೇರದವನು ಆ ವಂಶದ ಕಥೆಯನ್ನು ತನ್ನದೆಂದು ಒಪ್ಪಿ ಮಗನಿಗೆ ಒಪ್ಪಿಸಿದನೆಂಬುದು ಗ್ರಂಥದ ಪಾಂಡಿತ್ಯಕ್ಕಿಂತ ಮಿಗಿಲಾದ ಸಂಗತಿ. ವಿದ್ವಾಂಸರು ಇದನ್ನು ಅಷ್ಟಾಗಿ ಗಮನಿಸಿದಂತಿಲ್ಲ. ಬಳಿಕ ಲಿಂಗಣ್ಣ ಕವಿಯು ‘ಕೆಳದಿನೃಪವಿಜಯ’ದಲ್ಲಿ ಅದೇ ಚರಿತೆಯನ್ನು ಕನ್ನಡ ಚಂಪುವಾಗಿ ಬರೆದನು, ಅಲ್ಲಿ ವಿಜಯದ ಧ್ವನಿಯೇ ಹೆಚ್ಚು.

ಬಿರುದುಗಳು ಸಾಮಾನ್ಯವಾಗಿ ಗೆದ್ದವರ ಮಾತು. ಕೆಳದಿಯ ಶಾಸನಗಳಲ್ಲಿ ಮಾತ್ರ ‘ಕೋಟೆಕೋಲಾಹಲ’ಕ್ಕಿಂತ ಮೊದಲು, ಅರಸನ ಹೆಸರಿಗಿಂತಲೂ ಮೊದಲು, ಆ ಇಬ್ಬರು ಆಳುಗಳ ಹೆಸರುಗಳು ನಿಂತಿವೆ.