ಎಪ್ಪತ್ತು ನಿಮಿಷದ ಬಿಸಿಲು

ಅಹಮದಾಬಾದಿನಲ್ಲಿ ಹೊತ್ತು ಮುಳುಗಿದ ಸುಮಾರು ಎಪ್ಪತ್ತು ನಿಮಿಷಕ್ಕೆ ದುಬೈಯಲ್ಲೂ ಮುಳುಗುತ್ತದೆ. ಅರಬ್ಬಿ ಸಮುದ್ರದಡಿ ವಿದ್ಯುತ್ ಕೇಬಲ್ ಹಾಸಿ ನಮ್ಮ ಪಡುವಣ ಕರಾವಳಿಯನ್ನು ಕೊಲ್ಲಿ ದೇಶಗಳಿಗೆ ಜೋಡಿಸುವ ಯೋಜನೆಯ ಬಗ್ಗೆ ಏನೇ ಹೇಳುವುದಿದ್ದರೂ ಈ ಲೆಕ್ಕದಿಂದಲೇ ಶುರುಮಾಡಬೇಕು.

'ಒಂದು ಸೂರ್ಯ, ಒಂದು ಜಗತ್ತು, ಒಂದು ಗ್ರಿಡ್' ಎಂದು 2018ರಲ್ಲಿ ಅಂತರರಾಷ್ಟ್ರೀಯ ಸೌರ ಒಕ್ಕೂಟದ ಸಭೆಯಲ್ಲಿ ಪ್ರಧಾನಿ ಮೋದಿ ಘೋಷಿಸಿದರು. ಭೂಮಿಯ ಮೇಲೆ ಎಲ್ಲಾದರೊಂದು ಕಡೆ ಬಿಸಿಲು ಇದ್ದೇ ಇರುತ್ತದೆ, ತಂತಿ ಎಳೆದರೆ ಸಾಕು ಎಂಬುದು ಅದರ ತಿರುಳು. ಕೇಳಲು ಸೊಗಸಾಗಿದೆ. 2023ರ ಅಕ್ಟೋಬರ್‌ನಲ್ಲಿ ರಿಯಾದ್‌ನಲ್ಲಿ, 2024ರ ಫೆಬ್ರವರಿಯಲ್ಲಿ ಅಬುಧಾಬಿಯಲ್ಲಿ ಒಡಂಬಡಿಕೆಗಳಾದವು. ಕೇಬಲ್ ಇನ್ನೂ ನೀರಿಗಿಳಿದಿಲ್ಲ. ತಕರಾರು ತೆಗೆಯುವುದಿದ್ದರೆ ಈಗಲೇ ತೆಗೆಯಬೇಕು.

ನಮಗೆ ಕರೆಂಟಿನ ಬಿಗಿ ಹತ್ತುವುದು ಹೊತ್ತು ಮುಳುಗಿದ ಮೇಲೆ, ರಾತ್ರಿ ಹತ್ತು ಹನ್ನೊಂದರ ತನಕ. ಬೇಸಗೆಯ ರಾತ್ರಿ ಅಹಮದಾಬಾದಿನಲ್ಲಿ ಎಸಿ ಆರಿಸುವವರಿಲ್ಲ; ಸೂರತ್ತಿನ ಮಗ್ಗಗಳಿಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ದುಬೈ ಕೊಡುವುದು ಎಪ್ಪತ್ತು ನಿಮಿಷ, ಅದೂ ಫಲಕಕ್ಕೆ ಓರೆಯಾಗಿ ಬೀಳುವ ಇಳಿಬಿಸಿಲು. ರಿಯಾದ್‌ವರೆಗೆ ಹೋದರೂ ಒಂದೂಮುಕ್ಕಾಲು ಗಂಟೆ. ಇಷ್ಟಕ್ಕೆ ಸಮುದ್ರ ದಾಟಬೇಕೆ? ಎರಡು ಗಂಟೆ ಕರೆಂಟು ಕೂಡಿಡುವ ಬ್ಯಾಟರಿಗೆ 2022ರಲ್ಲಿ ಕೇಂದ್ರದ ಸೌರ ನಿಗಮದ ಟೆಂಡರಿನಲ್ಲಿ ಬಂದ ದರ ಮೆಗಾವಾಟ್‌ಗೆ ತಿಂಗಳಿಗೆ ಸುಮಾರು 10.8 ಲಕ್ಷ ರೂಪಾಯಿ. 2024ರ ಮಾರ್ಚ್‌ನಲ್ಲಿ ಗುಜರಾತ್ ಊರ್ಜಾ ವಿಕಾಸ ನಿಗಮ ಕರೆದ ಟೆಂಡರಿನಲ್ಲಿ ಅದು 4.5 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಆ ನಿಗಮದ ಮುಖ್ಯ ಕಚೇರಿ ಇರುವುದು ವಡೋದರಾದಲ್ಲಿ. ಕೇಬಲ್ಲಿನ ನಿಜವಾದ ಎದುರಾಳಿ ಅಲ್ಲೇ ಕೂತಿದೆ.

ತಂತ್ರಜ್ಞಾನದ ಬಗ್ಗೆ ನನ್ನ ಆಕ್ಷೇಪವಿಲ್ಲ. ಸಮುದ್ರದಡಿಯ ಉದ್ದನೆಯ ಕೇಬಲ್ಲಿನಲ್ಲಿ ಎಸಿ ಕರೆಂಟು ಕೇಬಲ್ಲನ್ನೇ ತುಂಬಿ ತುಂಬಿ ಸೋತುಹೋಗುತ್ತದೆ, ಹಾಗಾಗಿ ಡಿಸಿಯೇ ಗತಿ. 1954ರಲ್ಲೇ ಸ್ವೀಡನ್ನಿನ ಅಸೆಯಾ ಕಂಪನಿ ಗೋಟ್‌ಲ್ಯಾಂಡ್ ದ್ವೀಪಕ್ಕೆ ಹೀಗೆ 20 ಮೆಗಾವಾಟ್ ಮುಟ್ಟಿಸಿತ್ತು. ಆ ಕಂಪನಿಯ ವಂಶದ್ದೇ ಒಂದು ಕಾರ್ಖಾನೆ ವಡೋದರಾದ ಮಾಣೇಜಾದಲ್ಲಿ ಟ್ರಾನ್ಸ್‌ಫಾರ್ಮರ್ ತಯಾರಿಸುತ್ತಿದೆ. ದೂರಕ್ಕೂ ಕನ್ನಡಿಗರು ಬೆರಗಾಗಬೇಕಿಲ್ಲ: ಗುಜರಾತಿನ ಮುಂದ್ರಾದಿಂದ ಯುಎಇಯ ಫುಜೈರಾಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ 1,400 ಕಿ.ಮೀ. ಹತ್ತಿರ, ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರದ ಡಿಸಿ ಮಾರ್ಗ 2003ರಿಂದ ಇದೆ.

ಆದರೆ ಅಲ್ಲಿ ತಂತಿ ಕಡಿದರೆ ಲೈನ್‌ಮನ್ ಗೋಪುರ ಹತ್ತುತ್ತಾನೆ. ಇಲ್ಲಿ ಹಡಗು ಬರಬೇಕು, ಕಡಲು ತಣಿಯಬೇಕು, ತುಂಡಾದ ತುದಿಗಳನ್ನು ಮೇಲೆತ್ತಿ ಬೆಸೆಯಬೇಕು. ಫಿನ್ಲೆಂಡ್–ಎಸ್ಟೋನಿಯಾ ನಡುವಿನ ಎಸ್ಟ್‌ಲಿಂಕ್-2 ಕೇಬಲ್ 2024ರ ಕ್ರಿಸ್‌ಮಸ್ ದಿನ ಕೆಟ್ಟಿತು. ಮತ್ತೆ ಕರೆಂಟು ಹರಿದದ್ದು 2025ರ ಜೂನ್‌ನಲ್ಲಿ. ಅದು ಆಳವಿಲ್ಲದ ಬಾಲ್ಟಿಕ್. ಮುಂದ್ರಾ–ಫುಜೈರಾದ ನೇರ ದಾರಿಯಲ್ಲಿ ಆಳ ಮೂರು ಸಾವಿರ ಮೀಟರ್ ದಾಟುತ್ತದೆ. ಜಗತ್ತಿನ ಅತಿ ಉದ್ದದ ಇಂಥ ಕೇಬಲ್‌ಗಳಲ್ಲೊಂದಾದ ಬ್ರಿಟನ್–ಡೆನ್ಮಾರ್ಕ್ ನಡುವಿನ ವೈಕಿಂಗ್ ಲಿಂಕ್‌ನ ಉದ್ದವೇ 765 ಕಿ.ಮೀ.

ಹಾಗಾದರೆ ಈ ಕೇಬಲ್ಲಿನ ಪರವಾಗಿ ಮಾತೇ ಇಲ್ಲವೆ? ಇದೆ, ಅದು ಸೂರ್ಯನದಲ್ಲ, ಗಾಳಿಯದು. ಕಛ್, ಸೌರಾಷ್ಟ್ರದ ಗಾಳಿಯಂತ್ರಗಳು ಭರ್ತಿ ತಿರುಗುವುದು ಜೂನ್‌ನಿಂದ ಆಗಸ್ಟ್‌ವರೆಗಿನ ಮುಂಗಾರಿನಲ್ಲಿ. ಕೊಲ್ಲಿ ಆಗ ಕಾದ ಬಾಣಲೆ. ಅಲ್ಲಿ ಕರೆಂಟಿಗೆ ಅತಿ ಹೆಚ್ಚು ಬೇಡಿಕೆ ಇರುವ ಕಾಲ. ಮಾರಲು ನಮಗೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ತಮಾಷೆ ಎಂದರೆ ಯೋಜನೆಯ ಹೆಸರಿನಲ್ಲಿ ಗಾಳಿಗೆ ಜಾಗವೇ ಇಲ್ಲ. ಇನ್ನೊಂದು ತೊಡಕು: ಕೇಬಲ್ ಕೆಟ್ಟರೆ ದುರಸ್ತಿ ಹಡಗು ನಿಲ್ಲಲಾಗದಷ್ಟು ಅರಬ್ಬಿ ಸಮುದ್ರ ಅಬ್ಬರಿಸುವುದೂ ಅದೇ ಮುಂಗಾರಿನಲ್ಲೇ. ಚಳಿಗಾಲದಲ್ಲಿ ಕೊಲ್ಲಿಯಿಂದ ನಮಗೆ ಬರಬಹುದಾದ ಕರೆಂಟು ಬಹುಪಾಲು ಅಲ್ಲಿನ ಅನಿಲ ಸ್ಥಾವರಗಳದ್ದೇ ಆದೀತು. ಅದಕ್ಕೆ ಹಸಿರು ಬಣ್ಣ ಬಳಿಯಲು ಬಾರದು.

ಇತ್ತ ನೆಲದ ಮೇಲಿನ ಕೆಲಸವೇ ಮುಗಿದಿಲ್ಲ. ಕಛ್‌ನ ಖಾವಡಾ ಉಪ್ಪುಬಯಲಿನಲ್ಲಿ 30,000 ಮೆಗಾವಾಟ್‌ನ ಗುರಿಯಿಟ್ಟು ಸೌರ, ಗಾಳಿ ಸ್ಥಾವರಗಳು ಏಳುತ್ತಿವೆ. ಅಲ್ಲಿಂದ ಸೂರತ್ ಜಿಲ್ಲೆಯ ದಕ್ಷಿಣ ಓಲ್ಪಾಡ್‌ಗೆ 2,500 ಮೆಗಾವಾಟ್‌ನ ಡಿಸಿ ಮಾರ್ಗವೊಂದು ಯೋಜನೆಯಲ್ಲಿದೆ. ಮೊದಲು ಅದಾಗಲಿ. ಸಮುದ್ರದ ಕೇಬಲ್ಲನ್ನು ಇಂದಿನ ರೂಪದಲ್ಲಿ ನಾನು ಒಪ್ಪಲಾರೆ. ಗಾಳಿಯ ಲೆಕ್ಕ ಇಟ್ಟುಕೊಂಡು ಹೊಸದಾಗಿ ಬರೆದು ತಂದರೆ ಕೂತು ಓದೋಣ. ಆಗಲೂ ಅಂತಿಮ ಸಹಿಗೆ ಮುನ್ನ ಸರ್ಕಾರ ಎರಡು ಕಾಗದಗಳನ್ನು ಜನರ ಮುಂದಿಡಲಿ: ಯೂನಿಟ್ಟಿಗೆ ಎಷ್ಟು ಬೀಳುತ್ತದೆ, ಕೇಬಲ್ ಕೆಟ್ಟ ತಿಂಗಳುಗಳ ನಷ್ಟ ಯಾರ ತಲೆಗೆ.