ಆ ಬಳೆ ಯಾಕೆ ಬೇಕಿತ್ತು?

ಡೇಮಿಯನ್ ಶಜೆಲ್ ನಿರ್ದೇಶನದ ‘ಫಸ್ಟ್ ಮ್ಯಾನ್’ (2018) ಸಿನಿಮಾದ ಕೊನೆಯ ಭಾಗದಲ್ಲಿ ಒಂದು ದೃಶ್ಯ ಬರುತ್ತದೆ. ಚಂದ್ರನ ಮೇಲೆ ಇಳಿದ ನೀಲ್ ಆರ್ಮ್‌ಸ್ಟ್ರಾಂಗ್, ಒಬ್ಬನೇ ನಡೆದು ಒಂದು ಕುಳಿಯ ಅಂಚಿಗೆ ಹೋಗಿ ನಿಲ್ಲುತ್ತಾನೆ. ಮುಖದ ಮೇಲಿನ ಬಂಗಾರದ ಬಣ್ಣದ ಗಾಜನ್ನು ಮೇಲೆತ್ತುತ್ತಾನೆ. ಕಣ್ಣಲ್ಲಿ ನೀರು. ಕೈಯಲ್ಲಿ ತೀರಿಹೋದ ಮಗಳ ಪುಟ್ಟ ಬಳೆ. ಅದನ್ನು ಕತ್ತಲೆಗೆ ಬಿಡುತ್ತಾನೆ.

ನೋಡಿದ ಬಹಳಷ್ಟು ಜನ ಅತ್ತಿದ್ದಾರೆ. ನನಗೂ ಗಂಟಲು ಕಟ್ಟಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದೇ ದೃಶ್ಯದ ಬಗ್ಗೆ ನನಗೊಂದು ತಕರಾರಿದೆ.

ಮೊದಲು ನಿಜ ಎಷ್ಟು ಅಂತ ನೋಡೋಣ. ಮಗಳು ಕರೆನ್ 1962ರ ಜನವರಿಯಲ್ಲಿ, ಮೂರು ವರ್ಷವೂ ತುಂಬುವ ಮೊದಲು, ಮೆದುಳಿನ ಗೆಡ್ಡೆಯಿಂದ ತೀರಿಕೊಂಡಳು. ಇದು ನಿಜ. ಅವಳ ಬಗ್ಗೆ ಆರ್ಮ್‌ಸ್ಟ್ರಾಂಗ್ ಹೆಚ್ಚು ಮಾತಾಡಲಿಲ್ಲ, ಇದೂ ನಿಜ. ಚಂದ್ರನ ಮೇಲೆ ಅವರು ಯೋಜನೆಯಲ್ಲಿ ಇಲ್ಲದಿದ್ದರೂ ಸುಮಾರು ಅರವತ್ತು ಮೀಟರ್ ದೂರದ ಒಂದು ಕುಳಿಯ ತನಕ ಒಬ್ಬರೇ ಹೋಗಿ ಫೋಟೋ ತೆಗೆದು ಬಂದರು. ನಿಜವೇ. ಆದರೆ ಬಳೆ? ಅದಕ್ಕೆ ದಾಖಲೆ ಇಲ್ಲ. ಸಿನಿಮಾಕ್ಕೆ ಆಧಾರವಾದ ಜೇಮ್ಸ್ ಹ್ಯಾನ್ಸನ್ ಬರೆದ ಜೀವನಚರಿತ್ರೆಯಲ್ಲಿ, ಮಗಳ ನೆನಪಿನ ಏನನ್ನಾದರೂ ಅವರು ಒಯ್ದಿರಬಹುದೇ ಎಂಬುದು ಬರೀ ಒಂದು ಪ್ರಶ್ನೆ. ಸಿನಿಮಾ ಅದನ್ನು ಉತ್ತರ ಮಾಡಿಬಿಟ್ಟಿತು.

ಸಿನಿಮಾ ಅಂದ ಮೇಲೆ ಕಲ್ಪನೆ ಇರಲೇಬೇಕಲ್ವಾ, ಅದರಲ್ಲೇನು ತಪ್ಪು ಅಂತ ನೀವು ಕೇಳಬಹುದು. ಕಲ್ಪನೆಗೆ ನನ್ನ ಅಡ್ಡಿಯಿಲ್ಲ. ಈ ಕಲ್ಪನೆ ಮಾಡುವ ಕೆಲಸಕ್ಕೆ ಅಡ್ಡಿಯಿದೆ. ಎರಡು ಗಂಟೆ ಕಾಲ ರಯಾನ್ ಗೋಸ್ಲಿಂಗ್ ಮುಖದಲ್ಲಿ ನಾವು ಒಂದು ಮೌನವನ್ನು ನೋಡಿರುತ್ತೇವೆ. ಬಳೆ ಬಿದ್ದ ಕ್ಷಣ ಆ ಮೌನಕ್ಕೆ ಬೀಗದ ಕೈ ಸಿಕ್ಕ ಹಾಗಾಗುತ್ತದೆ. ಓ, ಇದಕ್ಕಾ ಇವನು ಹೀಗಿದ್ದದ್ದು! ಇದಕ್ಕಾ ಚಂದ್ರನಿಗೆ ಹೋದದ್ದು! ಗಾಯ ಇಲ್ಲದೆ ಯಾರೂ ಸುಮ್ಮನಿರಲ್ಲ ಅನ್ನುವುದು ಈಗಿನ ನಂಬಿಕೆ. ಕೆಲಸದಲ್ಲಿ ಮುಳುಗಿದವನನ್ನು ನೋಡಿದರೆ ಏನೋ ಮರೆಯೋಕೆ ಹೀಗೆ ಮಾಡ್ತಿದ್ದಾನೆ ಅಂತೀವಿ. ಕೆಲಸವೇ ಅವನಿಗೆ ಇಷ್ಟ ಇರಬಹುದು ಅಂತ ಹೊಳೆಯುವುದೇ ಇಲ್ಲ.

ಆರ್ಮ್‌ಸ್ಟ್ರಾಂಗ್ ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದು ಬೇರೆ. 2000ದಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಪ್ರೆಸ್ ಕ್ಲಬ್‌ನಲ್ಲಿ ಮಾತಾಡುತ್ತಾ, ತಾನು ಎಂದೆಂದಿಗೂ ಬಿಳಿ ಸಾಕ್ಸ್ ಹಾಕಿಕೊಂಡು ಜೇಬಿಗೆ ಪೆನ್ನಿನ ಕವರ್ ಸಿಕ್ಕಿಸಿಕೊಂಡ ಎಂಜಿನಿಯರೇ ಅಂದಿದ್ದರು. ನಾಸಾ ಬಿಟ್ಟ ಮೇಲೆ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 1979ರವರೆಗೆ ಪಾಠ ಮಾಡಿದರು. ತಾವು ಹಾಕಿದ ಸಹಿಗಳು ಮಾರಾಟದ ಸರಕಾದವು ಅಂತ ಗೊತ್ತಾದ ಮೇಲೆ ಸಹಿ ಹಾಕುವುದನ್ನೇ ನಿಲ್ಲಿಸಿದರು. 2005ರಲ್ಲಿ, ಅವರ ಕ್ಷೌರಿಕನೇ ಕತ್ತರಿಸಿದ ಕೂದಲನ್ನು ಸಂಗ್ರಾಹಕರೊಬ್ಬರಿಗೆ ಮೂರು ಸಾವಿರ ಡಾಲರಿಗೆ ಮಾರಿದ್ದ! ಇಂಥ ಲೋಕದಲ್ಲಿ ಬಾಯಿ ಮುಚ್ಚಿಕೊಂಡಿರುವುದು ರೋಗಲಕ್ಷಣ ಅಲ್ಲ, ವಿವೇಕ.

ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದ್ದು ಮರುವರ್ಷ ಬಂದ ಸಾಕ್ಷ್ಯಚಿತ್ರ ‘ಅಪೊಲೊ 11’. ನಿರ್ದೇಶಕ ಟಾಡ್ ಡಗ್ಲಸ್ ಮಿಲ್ಲರ್. ನಿರೂಪಕನ ದನಿ ಇಲ್ಲ, ಈಗ ಕೂತು ನೆನಪಿಸಿಕೊಳ್ಳುವ ಮುದುಕರಿಲ್ಲ. ಆಗ ಚಿತ್ರೀಕರಿಸಿದ್ದು, ಆಗ ಆಡಿದ ಮಾತು, ಅಷ್ಟೇ. ಮನಸ್ಸಿನ ಒಳಗೆ ಇಣುಕುವ ಪ್ರಯತ್ನವೇ ಇಲ್ಲ. ಆದರೂ ನನಗೆ ಆರ್ಮ್‌ಸ್ಟ್ರಾಂಗ್ ಹತ್ತಿರವಾದದ್ದು ಇಲ್ಲೇ.

ಇಳಿಯುವ ಆ ಕೆಲವು ನಿಮಿಷ ನೋಡಿ. ನೌಕೆಯ ಕಿಟಕಿಯಿಂದ ತೆಗೆದ ಚಿತ್ರ. ಕೆಳಗೆ ಬೂದು ನೆಲ ಜಾರುತ್ತಿದೆ. 1202 ಅಂತ ಅಲಾರಂ ಹೊಡೆಯುತ್ತದೆ. ಕಂಪ್ಯೂಟರಿಗೆ ಕೆಲಸ ಜಾಸ್ತಿಯಾಗಿದೆ, ಮುಖ್ಯವಲ್ಲದ್ದನ್ನು ಬಿಟ್ಟು ಮುಖ್ಯವಾದದ್ದನ್ನು ಮಾತ್ರ ಮಾಡ್ತಿದ್ದೇನೆ ಅಂತ ಅದು ಹೇಳ್ತಿದೆ. ಸಾಫ್ಟ್‌ವೇರ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹ್ಯೂಸ್ಟನ್ನಿನ ಹುಡುಗರು ಮುಂದುವರಿಯಿರಿ ಅಂತಾರೆ. ಆಟೋಮ್ಯಾಟಿಕ್ ದಾರಿ ಹೋಗ್ತಿರೋದು ಬಂಡೆಗಳು ಚೆಲ್ಲಿದ ಕುಳಿಯ ಕಡೆಗೆ. ಆರ್ಮ್‌ಸ್ಟ್ರಾಂಗ್ ಹತೋಟಿ ತಮ್ಮ ಕೈಗೆ ತಗೊಂಡು ಬಂಡೆಗಳನ್ನು ದಾಟಿ ಮುಂದಕ್ಕೆ ಹಾರಿಸುತ್ತಾರೆ. ಇಂಧನ ಅರವತ್ತು ಸೆಕೆಂಡಿನಷ್ಟು. ಆಮೇಲೆ ಮೂವತ್ತು. ಆಲ್ಡ್ರಿನ್ ಎತ್ತರ, ವೇಗ ಓದುತ್ತಲೇ ಇದ್ದಾರೆ. ಆರ್ಮ್‌ಸ್ಟ್ರಾಂಗ್ ಹೆಚ್ಚು ಮಾತೇ ಆಡುವುದಿಲ್ಲ. ಆಗ ಅವರ ಹೃದಯ ನಿಮಿಷಕ್ಕೆ ಸುಮಾರು 150 ಸಲ ಬಡಿಯುತ್ತಿತ್ತು.

ಈ 150 ನನಗೆ ಸಾಕು. ಬಳೆಗಿಂತ ಇದು ದೊಡ್ಡದು. ಮನುಷ್ಯ ಕಲ್ಲಲ್ಲ, ಹೆದರಿಕೆಯೋ ಶ್ರಮವೋ ಎಲ್ಲ ಇದೆ. ಆದರೆ ಅದು ದನಿಗೆ ಬಂದಿಲ್ಲ, ಕೈಗೂ ಬಂದಿಲ್ಲ. ನಂಬರ್ ನೋಡಿ ಯಾರಾದರೂ ಭಾವುಕರಾಗ್ತಾರಾ ಅಂದರೆ, 2023ರ ಆಗಸ್ಟ್ 23ರ ಸಂಜೆ ನೆನಪಿಸಿಕೊಳ್ಳಿ. ಬೆಂಗಳೂರಿನ ಇಸ್ಟ್ರಾಕ್‌ನಿಂದ ಬಂದ ನೇರಪ್ರಸಾರದಲ್ಲಿ ನಾವೆಲ್ಲ ಉಸಿರು ಹಿಡಿದು ನೋಡಿದ್ದು ಎತ್ತರ, ವೇಗ ಎಂಬ ಇಳಿಯುವ ಅಂಕಿಗಳನ್ನೇ ತಾನೇ?

ಈ ನಿಮಿಷಗಳ ಹಿಂದೆ ವರ್ಷಗಳ ಅಭ್ಯಾಸ ಇತ್ತು. 1968ರ ಮೇ 6ರಂದು ಹ್ಯೂಸ್ಟನ್ ಬಳಿ, ಚಂದ್ರನ ಮೇಲೆ ಇಳಿಯುವುದನ್ನು ಕಲಿಸುವ ಯಂತ್ರ ಹತೋಟಿ ತಪ್ಪಿತು. ಅವರು ಎಜೆಕ್ಟ್ ಆಗಿ ಪ್ಯಾರಾಚೂಟಿನಲ್ಲಿ ಇಳಿದರು, ಯಂತ್ರ ನೆಲಕ್ಕೆ ಬಿದ್ದು ಉರಿಯಿತು. ಅದೇ ದಿನ ಅವರು ಆಫೀಸಿಗೆ ಬಂದು ಕೂತಿದ್ದನ್ನು ಸಹೋದ್ಯೋಗಿ ಅಲನ್ ಬೀನ್ ನೋಡಿದ್ದರು.

ಹಾಗಂತ ಮೌನವನ್ನು ಪೂಜೆಗೆ ಕೂರಿಸೋಕೆ ನಾನು ತಯಾರಿಲ್ಲ. ಇಲ್ಲಿ ‘ಫಸ್ಟ್ ಮ್ಯಾನ್’ಗೆ ಸಲ್ಲಬೇಕಾದ ಮೆಚ್ಚುಗೆ ಇದೆ. ಹೊರಡುವ ಮುಂಚಿನ ರಾತ್ರಿಯ ದೃಶ್ಯದಲ್ಲಿ ಹೆಂಡತಿ ಜ್ಯಾನೆಟ್ (ಕ್ಲೇರ್ ಫಾಯ್) ಹಟ ಹಿಡಿದು ಅವನನ್ನು ಗಂಡುಮಕ್ಕಳ ಎದುರು ಕೂರಿಸುತ್ತಾಳೆ. ಹಿಂದಿರುಗದೇ ಇರಬಹುದು ಅಂತ ನೀನೇ ಹೇಳು ಎಂಬುದು ಅವಳ ಹಟ. ಅವನು ಪತ್ರಿಕಾಗೋಷ್ಠಿಯಲ್ಲಿ ಉತ್ತರಿಸಿದ ಹಾಗೆ ಮಕ್ಕಳಿಗೆ ಉತ್ತರಿಸುತ್ತಾನೆ. ಹೊರಗೆ ನಮಗೆ ಘನತೆಯಾಗಿ ಕಾಣುವ ಮೌನ, ಅಡುಗೆಮನೆಯ ಟೇಬಲ್ಲಿನ ಆಚೆ ಕೂತವರಿಗೆ ಹೇಗಿರುತ್ತೆ ಅಂತ ಈ ದೃಶ್ಯ ತೋರಿಸುತ್ತದೆ. ಆರ್ಮ್‌ಸ್ಟ್ರಾಂಗ್ ದಂಪತಿ 1994ರಲ್ಲಿ ಬೇರೆಯಾದರು. ಅದಕ್ಕೂ ಇದಕ್ಕೂ ಗಂಟು ಹಾಕಿದರೆ ನಾನೂ ಬಳೆ ಹುಡುಕಿದ ಹಾಗೇ ಆಗುತ್ತದೆ, ಹಾಕುವುದಿಲ್ಲ. ಆದರೆ ಸಿನಿಮಾ ಈ ಟೇಬಲ್ಲಿನ ಹತ್ತಿರವೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಇಲ್ಲಿ ಅದು ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬಿಟ್ಟಿದೆ. ಕುಳಿಯ ಅಂಚಿನಲ್ಲಿ ಆ ಧೈರ್ಯ ಕೈಕೊಟ್ಟಿತು.

ಆರ್ಮ್‌ಸ್ಟ್ರಾಂಗ್ ತೀರಿಕೊಂಡದ್ದು 2012ರ ಆಗಸ್ಟ್ 25ರಂದು, ಎಂಬತ್ತೆರಡನೇ ವಯಸ್ಸಿನಲ್ಲಿ. ಪ್ರತಿ ವರ್ಷ ಜುಲೈ 20 ಬಂದಾಗ ಅವರ ಹೆಸರಿನ ಜೊತೆ ಹಂಚಿಕೆಯಾಗುವ ಪ್ರಸಿದ್ಧ ಫೋಟೋ ಒಂದಿದೆಯಲ್ಲ, ಬಂಗಾರದ ಗಾಜಿನ ಗಗನಯಾತ್ರಿ? ಅದು ಅವರಲ್ಲ, ಆಲ್ಡ್ರಿನ್. ಕ್ಯಾಮೆರಾ ಹೆಚ್ಚು ಹೊತ್ತು ಆರ್ಮ್‌ಸ್ಟ್ರಾಂಗ್ ಕೈಯಲ್ಲೇ ಇತ್ತು. ಅದಕ್ಕೇ ಚಂದ್ರನ ಮೇಲೆ ಕಾಲಿಟ್ಟ ಮೊದಲ ಮನುಷ್ಯನ ಒಳ್ಳೆಯ ಫೋಟೋಗಳು ಅಲ್ಲಿ ಬಹಳ ಕಡಿಮೆ. ಆ ಗಾಜನ್ನು ದೊಡ್ಡದು ಮಾಡಿ ನೋಡಿದರೆ, ಒಳಗೆ ಪ್ರತಿಬಿಂಬವಾಗಿ ಬಿಳಿ ಚುಕ್ಕೆಯಂಥ ಒಂದು ಆಕೃತಿ ಕಾಣುತ್ತದೆ. ಫೋಟೋ ತೆಗೆಯುತ್ತಾ ನಿಂತಿದೆ.